ಗಿಲ್ಬರ್ಟ್ ಜಾನ್ ಫೌಲರ್

ಗಿಲ್ಬರ್ಟ್ ಜಾನ್ ಫೌಲರ್ (1868–1953) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಹಾಗೂ ಜೀವರಸಾಯನಶಾಸ್ತ್ರಜ್ಞರು. ನಗರಗಳ ಕೊಳಚೆ ನೀರನ್ನು ಗಾಳಿ ಮತ್ತು ಬ್ಯಾಕ್ಟೀರಿಯಾಗಳ ನೆರವಿನಿಂದ ಶುದ್ಧೀಕರಿಸುವ ಕ್ರಿಯಾಶೀಲ ಕೆಸರು ಪದ್ಧತಿಯ ಪ್ರೇರಕರೆಂದು ಅವರು ಹೆಸರಾಗಿದ್ದಾರೆ. 1916ರಲ್ಲಿ ಬೆಂಗಳೂರಿಗೆ ಬಂದ ಅವರು ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದು, ಅಲ್ಲಿನ ಜೀವರಸಾಯನಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. ಕೊಳಚೆಯಲ್ಲಿರುವ ಸಾರಜನಕವನ್ನು ವ್ಯರ್ಥಗೊಳಿಸದೆ ಮಣ್ಣಿಗೆ ಮರಳಿಸಬೇಕೆಂಬುದು ಅವರ ಭಾರತೀಯ ಕಾರ್ಯಜೀವನದ ಮುಖ್ಯ ಚಿಂತನೆಯಾಗಿತ್ತು.

ಈ ಪದ್ಧತಿಯಲ್ಲಿ ನೀರಿನ ಕಲ್ಮಶವನ್ನು ಹಿಡಿದುಕೊಳ್ಳುವ ವಸ್ತು ಹೊರಗಿನಿಂದ ತಂದು ಹಾಕುವ ರಾಸಾಯನಿಕವಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಸ್ರವಿಸುವ ಅಂಟು, ಅಂದರೆ ನೈಸರ್ಗಿಕ ಪಾಲಿಮರ್, ಆ ಕೆಲಸವನ್ನು ಮಾಡುತ್ತದೆ. ಫೌಲರ್ ಅವರ ಕಾಲದಲ್ಲಿ ಈ ಅಂಟಿನ ರಚನೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಅದರ ಪರಿಣಾಮ ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಆರಂಭಿಕ ಜೀವನ

ಫೌಲರ್ 1868ರಲ್ಲಿ ಜನಿಸಿದರು. ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದರು. ಈ ಕಾಲೇಜೇ ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಬುನಾದಿಯಾಯಿತು. ಕಬ್ಬಿಣದ ನೈಟ್ರೈಡ್ ಕುರಿತು ಅವರು ಬರೆದ ಪ್ರಬಂಧವು 1901ರಲ್ಲಿ ಪ್ರಕಟವಾಯಿತು. ಕಬ್ಬಿಣ ಮತ್ತು ಸಾರಜನಕ ಎಂಬ ಈ ಎರಡು ಮೂಲಧಾತುಗಳು ಅವರ ಮುಂದಿನ ಕೆಲಸದಲ್ಲಿಯೂ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಮ್ಯಾಂಚೆಸ್ಟರಿನ ಕೊಳಚೆ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ, ಬಣ್ಣದ ಕಾರ್ಖಾನೆಗಳ ಬೃಹತ್ ನಗರವಾಗಿ ಬೆಳೆದಿತ್ತು. ಅದರ ನಡುವೆ ಹರಿಯುವ ಇರ್ವೆಲ್ ನದಿ ಗಿರಣಿಗಳ ತ್ಯಾಜ್ಯವನ್ನೂ ಮನೆಗಳ ಮಲಿನ ನೀರನ್ನೂ ಒಟ್ಟಿಗೆ ಹೊತ್ತು ಸಾಗುತ್ತಿತ್ತು. 1894ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ತೆರೆಯಿತು. ಅದೇ ವರ್ಷ ಡೇವಿಹ್ಯುಲ್ಮ್ ಎಂಬಲ್ಲಿ ನಗರದ ಕೊಳಚೆ ಸಂಸ್ಕರಣಾ ಕೇಂದ್ರವೂ ಆರಂಭವಾಯಿತು. ಫೌಲರ್ ಅವರು ನಗರಪಾಲಿಕೆಯ ನದಿ ವಿಭಾಗದಲ್ಲಿ ರಸಾಯನಜ್ಞರಾಗಿ ಸೇರಿ, ಡೇವಿಹ್ಯುಲ್ಮ್ ಕೇಂದ್ರದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಬಳಿಕ ಅದೇ ವಿಭಾಗಕ್ಕೆ ಸಲಹಾ ರಸಾಯನಜ್ಞರಾಗಿದ್ದುಕೊಂಡು, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾ ಸಂಬಂಧಿ ರಸಾಯನಶಾಸ್ತ್ರವನ್ನು ಬೋಧಿಸಿದರು.

ಆಗ ಬಳಕೆಯಲ್ಲಿದ್ದ ವಿಧಾನಗಳು ಎರಡು ಬಗೆಯವು. ಕೊಳಚೆಯನ್ನು ಸುಣ್ಣ ಮೊದಲಾದ ರಾಸಾಯನಿಕಗಳಿಂದ ಗರಣೆಗಟ್ಟಿಸಿ ತಳಕ್ಕೆ ಇಳಿಸುವುದು ಒಂದು. ಕಲ್ಲು, ಕಲ್ಲಿದ್ದಲ ಕಿಟ್ಟ ಇತ್ಯಾದಿಗಳನ್ನು ತುಂಬಿದ ತೊಟ್ಟಿಗಳ ಮೂಲಕ ನೀರನ್ನು ಇಳಿಬಿಟ್ಟು, ಕಲ್ಲಿನ ಮೇಲೆ ಬೆಳೆದ ಜೀವಿಪದರದಿಂದ ಶುದ್ಧಗೊಳಿಸುವುದು ಇನ್ನೊಂದು. ಮೊದಲನೆಯದು ರಾಶಿ ರಾಶಿ ಕೆಸರನ್ನು ಉಳಿಸುತ್ತಿತ್ತು. ಎರಡನೆಯದಕ್ಕೆ ವಿಸ್ತಾರವಾದ ಭೂಮಿ ಬೇಕಾಗುತ್ತಿತ್ತು. ಮ್ಯಾಂಚೆಸ್ಟರ್ ತನ್ನ ಕೆಸರನ್ನು ಹಡಗಿಗೆ ತುಂಬಿ ಸಮುದ್ರಕ್ಕೆ ಸುರಿಯುತ್ತಿತ್ತು. ಎರಡೂ ವಿಧಾನಗಳಲ್ಲಿ ಕೆಸರು ತೊಲಗಿಸಬೇಕಾದ ಪೀಡೆಯೆಂದೇ ಪರಿಗಣಿತವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಫೌಲರ್ ಮತ್ತು ಅವರ ಸಹೋದ್ಯೋಗಿ ಮಮ್‌ಫರ್ಡ್ ಅವರು ಕಲ್ಲಿದ್ದಲ ಗಣಿಯ ನೀರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದಕ್ಕೆ ಎಂ-7 ಎಂಬ ಗುರುತನ್ನಿಟ್ಟರು. ಕಬ್ಬಿಣದ ಲವಣಗಳಿರುವ ನೀರಿನಲ್ಲಿ ಈ ಜೀವಿಯು ಕಬ್ಬಿಣವನ್ನು ಹೈಡ್ರಾಕ್ಸೈಡ್ ರೂಪದಲ್ಲಿ ಹೊರಹಾಕುತ್ತಿತ್ತು. ಕೊಳಚೆಗೆ ಈ ಜೀವಿಯನ್ನೂ ಅತ್ಯಲ್ಪ ಪ್ರಮಾಣದ ಕಬ್ಬಿಣದ ಲವಣವನ್ನೂ ಸೇರಿಸಿ ಗಾಳಿ ಊದಿದರೆ, ಕಲ್ಮಶವು ಗರಣೆಗಟ್ಟಿ ತಳಕ್ಕೆ ಕೂತು ಮೇಲೆ ತಿಳಿ ನೀರು ಉಳಿಯುತ್ತಿತ್ತು. ಈ ಪ್ರಯೋಗಗಳನ್ನು ಅವರು 1913ರಲ್ಲಿ ಪ್ರಕಟಿಸಿದರು. ಇದು ಕಾರ್ಯರೂಪದಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆದರೂ ಜೀವಿ, ಗಾಳಿ ಮತ್ತು ಗರಣೆ ಎಂಬ ಮೂರೂ ಅಂಶಗಳು ಇಲ್ಲಿ ಒಂದೆಡೆ ಸೇರಿದ್ದವು.

ಲಾರೆನ್ಸ್ ಭೇಟಿ ಮತ್ತು ಕ್ರಿಯಾಶೀಲ ಕೆಸರು

1912ರಲ್ಲಿ ನ್ಯೂಯಾರ್ಕ್ ಬಂದರಿನ ಮಾಲಿನ್ಯದ ಕುರಿತು ಸಲಹೆ ನೀಡಲು ಫೌಲರ್ ಅಮೆರಿಕಕ್ಕೆ ತೆರಳಿದರು. ಆ ಪ್ರವಾಸದಲ್ಲಿ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರವನ್ನು ಸಂದರ್ಶಿಸಿದರು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬ ಸಂಶೋಧಕರು ಕೊಳಚೆಯನ್ನು ಬಾಟಲಿಗಳಲ್ಲಿ ತುಂಬಿ ಗಾಳಿ ಹಾಯಿಸುತ್ತಿದ್ದರು; ಸ್ಲೇಟ್ ಕಲ್ಲಿನ ಹಲಗೆಗಳನ್ನು ಹತ್ತಿರ ಹತ್ತಿರ ಜೋಡಿಸಿದ ತೊಟ್ಟಿಯಲ್ಲಿಯೂ ಅದೇ ಪ್ರಯೋಗ ನಡೆದಿತ್ತು. ಸೂಕ್ಷ್ಮಜೀವಿಗಳ ಲೋಳೆಯಂಥ ಬೆಳವಣಿಗೆ ಇದ್ದೆಡೆ ಕೊಳಚೆ ಬೇಗನೆ ತಿಳಿಯಾಗುತ್ತಿತ್ತು. ಫೌಲರ್ ಕಂಡದ್ದು ಇಷ್ಟೇ. ಮ್ಯಾಂಚೆಸ್ಟರಿಗೆ ಮರಳಿದ ಅವರು ಇಂಥದೇ ಪ್ರಯೋಗವನ್ನು ಕೈಗೊಳ್ಳುವಂತೆ ಡೇವಿಹ್ಯುಲ್ಮ್ ಕೇಂದ್ರದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಸೂಚಿಸಿದರು.

ಆರ್ಡರ್ನ್ ಮತ್ತು ಲಾಕೆಟ್ ಕೊಳಚೆಯನ್ನು ಬಾಟಲಿಗಳಲ್ಲಿ ತುಂಬಿ, ಬೆಳಕು ತಾಗಿ ಪಾಚಿ ಬೆಳೆಯದಂತೆ ಕಂದು ಕಾಗದವನ್ನು ಸುತ್ತಿ, ಗಾಳಿ ಊದಲಾರಂಭಿಸಿದರು. ಕೊಳಚೆಯಲ್ಲಿನ ಅಮೋನಿಯಾ ಪೂರ್ಣವಾಗಿ ನೈಟ್ರೇಟ್ ಆಗಿ ಪರಿವರ್ತನೆಗೊಳ್ಳಲು ಮೊದಲ ಸಲ ಐದು ವಾರಗಳೇ ಹಿಡಿದವು. ಇಷ್ಟು ದೀರ್ಘಕಾಲ ತೆಗೆದುಕೊಳ್ಳುವ ವಿಧಾನ ಯಾವ ನಗರಕ್ಕೂ ಉಪಯೋಗವಿಲ್ಲ. ಆದರೆ ಅವರು ಮೇಲಿನ ತಿಳಿ ನೀರನ್ನಷ್ಟೇ ಬಸಿದು, ತಳದ ಕೆಸರನ್ನು ಚೆಲ್ಲದೆ ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆಯನ್ನು ಸುರಿದರು. ಎರಡನೆಯ ಸಲ ಅವಧಿ ಕಡಿಮೆಯಾಯಿತು. ಮೂರನೆಯ ಸಲ ಮತ್ತಷ್ಟು. ಹೀಗೆ ಪ್ರತಿ ಬಾರಿಯೂ ಕೆಸರನ್ನು ಉಳಿಸಿಕೊಳ್ಳುತ್ತ ಹೋದಂತೆ, ವಾರಗಳ ಕೆಲಸ ದಿನದೊಳಗೆ, ಕೊನೆಗೆ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಹಾಲಿಗೆ ಹೆಪ್ಪು ಹಾಕಲು ನಿನ್ನೆಯ ಮೊಸರನ್ನು ತೆಗೆದಿಡುವ ಮನೆವಾರ್ತೆಯ ಕ್ರಮಕ್ಕೆ ಇದನ್ನು ಹೋಲಿಸಬಹುದು. ತೊಲಗಿಸಬೇಕಾದ ಪೀಡೆಯೆಂದು ಅಲ್ಲಿಯವರೆಗೆ ತಿಳಿಯಲಾಗಿದ್ದ ಕೆಸರೇ ಶುದ್ಧೀಕರಣದ ಸಾಧನವೆಂದು ಸ್ಥಿರಪಟ್ಟಿತು. ಅದಕ್ಕೆ ಕ್ರಿಯಾಶೀಲ ಕೆಸರು ಎಂದು ಅವರು ಹೆಸರಿಟ್ಟರು.

1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ರಾಸಾಯನಿಕ ಉದ್ಯಮ ಸಂಘದ ಸಭೆಯಲ್ಲಿ ಈ ಫಲಿತಾಂಶಗಳನ್ನು ಮಂಡಿಸಲಾಯಿತು. ಪ್ರಬಂಧದ ಲೇಖಕರು ಆರ್ಡರ್ನ್ ಮತ್ತು ಲಾಕೆಟ್ ಇಬ್ಬರೇ. ಫೌಲರ್ ಅವರ ಹೆಸರು ಲೇಖಕರ ಸಾಲಿನಲ್ಲಿಲ್ಲ. ಅವರ ಪ್ರೇರಣೆಯನ್ನು ಲೇಖಕರು ಕೃತಜ್ಞತೆಯಿಂದ ನೆನೆದಿದ್ದಾರೆ. ಫೌಲರ್ ಸಹ ಮೂಲ ಸೂಚನೆ ಲಾರೆನ್ಸ್ ಕೇಂದ್ರದಿಂದ ದೊರೆಯಿತೆಂದು ಒಪ್ಪಿಕೊಂಡಿದ್ದರು. ಹೀಗಾಗಿ ಈ ಪದ್ಧತಿಯ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಏಕೈಕ ಉತ್ತರವಿಲ್ಲ. ಗಾಳಿ ಊದುವುದನ್ನು ಲಾರೆನ್ಸ್ ತೋರಿಸಿತು. ಕೆಸರನ್ನು ಉಳಿಸಿಕೊಂಡು ಮರುಬಳಸುವುದನ್ನು ಆರ್ಡರ್ನ್ ಮತ್ತು ಲಾಕೆಟ್ ಕಂಡುಕೊಂಡರು. ಒಂದೆಡೆಯ ಸುಳಿವನ್ನು ಇನ್ನೊಂದೆಡೆಗೆ ತಂದು ತಕ್ಕ ಕೈಗಳಿಗೆ ಒಪ್ಪಿಸಿದವರು ಫೌಲರ್.

ಪದ್ಧತಿ ಶೀಘ್ರವಾಗಿ ಹರಡಿತು. 1914ರಲ್ಲಿಯೇ ಸಾಲ್ಫೋರ್ಡ್‌ನಲ್ಲಿಯೂ 1916ರಲ್ಲಿ ವುಸ್ಟರ್ ನಗರದಲ್ಲಿಯೂ ಸ್ಥಾವರಗಳು ನಿರ್ಮಾಣವಾದವು. ಪೇಟೆಂಟುಗಳು ಮಾತ್ರ ಜೋನ್ಸ್ ಮತ್ತು ಅಟ್‌ವುಡ್ ಎಂಬ ಯಂತ್ರ ತಯಾರಕರ ಪಾಲಾದವು. ಅವುಗಳ ಆಧಾರದ ಮೇಲೆ ಅಮೆರಿಕದ ನಗರಗಳ ವಿರುದ್ಧ ವ್ಯಾಜ್ಯಗಳು ನಡೆದು, 1930ರ ದಶಕದಲ್ಲಿ ಮಿಲ್ವಾಕಿ ನಗರವು ಮೊಕದ್ದಮೆಯನ್ನು ಸೋತಿತು. ಅದೇ ಮಿಲ್ವಾಕಿ 1926ರಿಂದ ತನ್ನ ಕೆಸರನ್ನು ಒಣಗಿಸಿ ಗೊಬ್ಬರವಾಗಿ ಮಾರುತ್ತ ಬಂದಿದೆ.

ಬೆಂಗಳೂರಿನಲ್ಲಿ

1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಜಮಶೇಟ್‌ಜಿ ಟಾಟಾ ಅವರ ದತ್ತಿ ಹಾಗೂ ಮೈಸೂರು ಸಂಸ್ಥಾನದ ಭೂದಾನದಿಂದ 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಆಗಿನ್ನೂ ಶೈಶವದಲ್ಲಿತ್ತು. ಮೊದಲ ಮಹಾಯುದ್ಧ ನಡೆದಿದ್ದ ಆ ದಿನಗಳಲ್ಲಿ, ಕಾರ್ಡೈಟ್ ಎಂಬ ಸಿಡಿಮದ್ದಿನ ತಯಾರಿಕೆಗೆ ಬೇಕಾದ ಅಸಿಟೋನನ್ನು ಹುದುಗುವಿಕೆಯಿಂದ ಪಡೆಯುವ ಸಂಶೋಧನೆ ಅವರ ಪ್ರಯೋಗಾಲಯದಲ್ಲಿ ನಡೆಯಿತು. ಇಪ್ಪೆ ಹೂವಿನ ಸಕ್ಕರೆಯ ಜೀವರಸಾಯನಿಕ ಅಧ್ಯಯನವೂ ಅವರ ತಂಡದ್ದೇ. 1921ರಲ್ಲಿ ಜೀವರಸಾಯನಶಾಸ್ತ್ರವು ಪ್ರತ್ಯೇಕ ವಿಭಾಗವಾದಾಗ ಫೌಲರ್ ಅದರ ಮುಖ್ಯಸ್ಥರಾದರು. ಭಾರತದಲ್ಲಿ ಈ ವಿಷಯಕ್ಕೆಂದೇ ಮೀಸಲಾದ ಮೊದಮೊದಲ ವಿಭಾಗಗಳಲ್ಲಿ ಇದೂ ಒಂದು.

ಬೆಂಗಳೂರಿಗೆ ಬಂದ ಮೇಲೆ ಕೊಳಚೆಯ ಕುರಿತ ಅವರ ದೃಷ್ಟಿಯಲ್ಲಿ ಒತ್ತು ಬದಲಾದುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಪ್ರಶ್ನೆ ನದಿಯದಾಗಿತ್ತು: ಹೊರಬಿಡುವ ನೀರು ಎಷ್ಟು ಶುದ್ಧವಾಗಿರಬೇಕು? 1912ರಲ್ಲಿ ಅಲ್ಲಿನ ರಾಯಲ್ ಆಯೋಗವು ಶಿಫಾರಸು ಮಾಡಿದ ಮಿತಿ, ಪ್ರತಿ ಲೀಟರಿಗೆ 30 ಮಿಲಿಗ್ರಾಂ ತೇಲುಕಣ ಮತ್ತು 20 ಮಿಲಿಗ್ರಾಂ ಜೈವಿಕ ಆಮ್ಲಜನಕ ಬೇಡಿಕೆ, ಇಂದಿಗೂ ಅನೇಕ ದೇಶಗಳ ಮಾನದಂಡಗಳ ಹಿಂದಿದೆ. ಭಾರತದಲ್ಲಿ ಅವರಿಗೆ ಪ್ರಶ್ನೆ ಹೊಲದ್ದೂ ಆಯಿತು. ಬೆಳೆಯ ಮೂಲಕ ಮಣ್ಣಿನಿಂದ ಹೊರಟ ಸಾರಜನಕ ಊಟದ ಮೂಲಕ ಪಟ್ಟಣ ಸೇರಿ, ಚರಂಡಿಯ ಮೂಲಕ ಹೊಳೆಗೆ ಹೋದರೆ ಮತ್ತೆ ಹೊಲಕ್ಕೆ ಬರುವುದು ಹೇಗೆ? ಈ ಪ್ರಶ್ನೆಯನ್ನು ಕ್ರಿಯಾಶೀಲ ಕೆಸರಿನ ಹಿನ್ನೆಲೆಯಲ್ಲಿ ಚರ್ಚಿಸುವ ಅವರ ದೀರ್ಘ ಪ್ರಬಂಧವು 1920ರಲ್ಲಿ ವಿಜ್ಞಾನ ಮಂದಿರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಳಿಯೂಡಿಸಿದ ಕೆಸರಿನಲ್ಲಿ ಸಾರಜನಕದ ಅಂಶ ಸಾಮಾನ್ಯ ಕೊಳಚೆ ಕೆಸರಿಗಿಂತ ಹೆಚ್ಚಾಗಿರುತ್ತದೆ. ಆದುದರಿಂದ ಅದು ಗೊಬ್ಬರವಾಗಿ ಮೌಲ್ಯವುಳ್ಳದ್ದು ಎಂಬುದು ಅವರ ವಾದದ ತಿರುಳು. 1920ರ ದಶಕದ ಆರಂಭದ ವೇಳೆಗೆ ಟಾಟಾ ಉಕ್ಕಿನ ನಗರವಾದ ಜಮ್ಷೆಡ್‌ಪುರದಲ್ಲಿ ಕ್ರಿಯಾಶೀಲ ಕೆಸರಿನ ಸ್ಥಾವರ ನಿರ್ಮಾಣವಾಯಿತು. ಭಾರತದ ಅತ್ಯಂತ ಹಳೆಯ ಇಂಥ ಸ್ಥಾವರಗಳಲ್ಲಿ ಅದೂ ಒಂದು.

ಕೊಳವೆ ಚರಂಡಿಗಳಿಲ್ಲದ ಊರುಗಳಿಗೆ ಗಾಳಿ ಊದುವ ಸ್ಥಾವರ ನಿಲುಕುವ ಮಾತಲ್ಲ. ಅಂಥಲ್ಲಿ ಕಸಕಡ್ಡಿ, ಸೊಪ್ಪು, ಮಲಮೂತ್ರಗಳನ್ನು ಸೇರಿಸಿ, ಹಿಂದಿನ ರಾಶಿಯ ಒಂದಂಶವನ್ನು ಹೊಸದಕ್ಕೆ ಹೆಪ್ಪಾಗಿ ಬಳಸಿ ಗೊಬ್ಬರ ಮಾಗಿಸುವ ಕ್ರಮವನ್ನು ಫೌಲರ್ ಪ್ರತಿಪಾದಿಸಿದರು. ಇಂದೋರ್ ವಿಧಾನಕ್ಕೆ ಹೆಸರಾದ ಆಲ್ಬರ್ಟ್ ಹೊವಾರ್ಡ್ ಅವರೂ ಈ ಕೆಲಸವನ್ನು ಗಮನಿಸಿದ್ದರು.

ಫೌಲರ್ 1924ರಲ್ಲಿ ವಿಜ್ಞಾನ ಮಂದಿರವನ್ನು ಬಿಟ್ಟರು. ಅವರ ಸ್ಥಾನಕ್ಕೆ ರೋಲಂಡ್ ನಾರಿಸ್ ಬಂದರು. 1920ರ ದಶಕದ ಉತ್ತರಾರ್ಧದಲ್ಲಿ ಅವರು ಕಾನ್ಪುರದ ಹಾರ್‌ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಪ್ರಾಂಶುಪಾಲರಾಗಿದ್ದರು. ಸಾರಜನಕ ಸಂರಕ್ಷಣೆಯ ಜೀವರಸಾಯನಶಾಸ್ತ್ರವನ್ನು ಕುರಿತ ಅವರ ಗ್ರಂಥವು 1934ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವರು 1953ರಲ್ಲಿ ನಿಧನರಾದರು.

ಕೆಸರಿನ ಅಂಟು: ಅನಂತರದ ಸಂಶೋಧನೆ

ಕ್ರಿಯಾಶೀಲ ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಡಿ ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿ ಅವುಗಳ ಗರಣೆಗಳು ಕಾಣುತ್ತವೆ. ಬಿಡಿ ಬ್ಯಾಕ್ಟೀರಿಯಾ ಎಷ್ಟು ಚಿಕ್ಕದೆಂದರೆ ಅದು ತಾನಾಗಿ ತಳಕ್ಕಿಳಿಯುವುದು ಬಹಳ ನಿಧಾನ. ಗರಣೆಯಾದಾಗ ಮಾತ್ರ ಅರ್ಧ ಗಂಟೆಯೊಳಗೆ ಕೂತು, ಮೇಲೆ ತಿಳಿ ನೀರನ್ನು ಬಿಡುತ್ತದೆ. ಈ ಗರಣೆಯನ್ನು ಹಿಡಿದಿಡುವುದು ಬ್ಯಾಕ್ಟೀರಿಯಾಗಳು ಕೋಶದ ಹೊರಗೆ ಸ್ರವಿಸುವ ಪಾಲಿಸ್ಯಾಕರೈಡ್ ಮತ್ತು ಪ್ರೋಟೀನುಗಳ ಜಾಲ. ಈ ಜಾಲದ ಕಾರ್ಬಾಕ್ಸಿಲ್ ಮೊದಲಾದ ಗುಂಪುಗಳು ಋಣ ವಿದ್ಯುದಂಶವುಳ್ಳವು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಅಯಾನುಗಳು ಅವುಗಳ ನಡುವೆ ಸೇತುವೆಯಂತೆ ನಿಂತು ಎಳೆಗಳನ್ನು ಬಿಗಿಯುತ್ತವೆ. ಕೊಳಚೆಯ ತೇಲುಕಣಗಳು ಈ ಜಾಲಕ್ಕೆ ಸಿಕ್ಕಿಬೀಳುತ್ತವೆ. ತಾಮ್ರ, ಸೀಸ, ಸತು, ಕ್ಯಾಡ್ಮಿಯಂ ಮುಂತಾದ ಲೋಹಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಮೊದಲು ಅಂಟು ಹಿಡಿಯುತ್ತದೆ, ಅನಂತರ ಜೀವಿ ಅರಗಿಸುತ್ತದೆ; ಲೋಹಗಳು ಅರಗುವುದಿಲ್ಲ, ಅವು ಕೆಸರಿನಲ್ಲಿಯೇ ಉಳಿಯುತ್ತವೆ.

ಇಂಥ ಲೋಳೆ ಗರಣೆಯನ್ನು ಕಟ್ಟುವ ಜೀವಿಗಳಲ್ಲಿ ಜೂಗ್ಲಿಯಾ ರಾಮಿಗೆರಾ ಪ್ರಸಿದ್ಧ. ಅದಕ್ಕೆ ಈ ಹೆಸರು ಬಂದುದು 1868ರಲ್ಲಿ, ಫೌಲರ್ ಹುಟ್ಟಿದ ವರ್ಷದಲ್ಲಿಯೇ ಎಂಬುದು ಕೇವಲ ಆಕಸ್ಮಿಕ. 1935ರಲ್ಲಿ ಅಮೆರಿಕದ ಬಟರ್‌ಫೀಲ್ಡ್ ಅವರು ಕೆಸರಿನಿಂದ ಇಂಥದೊಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಒಂದೇ ಇದ್ದರೂ ಗರಣೆ ಕಟ್ಟಬಲ್ಲುದೆಂದು ತೋರಿಸಿದರು. ಬೆಂಗಳೂರಿನಲ್ಲಿಯೂ ಕೆಲಸ ನಿಲ್ಲಲಿಲ್ಲ. ಫೌಲರ್ ಕಟ್ಟಿದ ವಿಭಾಗದಲ್ಲಿಯೇ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಕೊಳಚೆಯನ್ನು ತಿಳಿಗೊಳಿಸುವಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೆ ಪ್ರೋಟೊಜೋವಾಗಳ ಪಾತ್ರವೂ ಹಿರಿದೆಂದು ವಾದಿಸಿ, 1942ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರು.

ಇತ್ತೀಚೆಗೆ ಈ ಅಂಟನ್ನೇ ಬೇರ್ಪಡಿಸಿ ಬಳಸುವ ಪ್ರಯತ್ನಗಳು ನಡೆದಿವೆ. ನೆದರ್ಲೆಂಡ್ಸ್‌ನ ಜುಟ್‌ಫೆನ್ ಎಂಬಲ್ಲಿ 2019ರಲ್ಲಿ ಆರಂಭವಾದ ಘಟಕವು ಕೆಸರಿನ ಹರಳುಗಳಿಂದ ನೈಸರ್ಗಿಕ ಪಾಲಿಮರನ್ನು ಹೊರತೆಗೆಯುತ್ತದೆ. ಏಡಿ, ಸೀಗಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್, ನುಗ್ಗೆ ಬೀಜದ ಪ್ರೋಟೀನು, ಚಿಲ್ಲದ ಬೀಜದ ಲೋಳೆ ಇವು ನೀರು ತಿಳಿಗೊಳಿಸುವ ಇತರ ನೈಸರ್ಗಿಕ ಪಾಲಿಮರ್‌ಗಳು. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕುವ ರೂಢಿ ನಮ್ಮಲ್ಲಿ ಬಹು ಪುರಾತನವಾದುದು. ಸಂಸ್ಕೃತದ ವೈದ್ಯಗ್ರಂಥಗಳು ಅದನ್ನು ಕತಕವೆಂದು ಕರೆಯುತ್ತವೆ. ಇವನ್ನು ಪ್ರತಿ ಸಲವೂ ಹೊಸದಾಗಿ ಸೇರಿಸಬೇಕು. ಕ್ರಿಯಾಶೀಲ ಕೆಸರಿನಲ್ಲಿ ಮಾತ್ರ ಪಾಲಿಮರ್ ತೊಟ್ಟಿಯಲ್ಲಿಯೇ ಹುಟ್ಟುತ್ತದೆ.

ಬೀದರ್ ಸೀಮೆಯಲ್ಲಿ ಪ್ರಸ್ತುತತೆ

ಫೌಲರ್ ಬೆಂಗಳೂರಿನಲ್ಲಿದ್ದಾಗ ಬೀದರ್, ಭಾಲ್ಕಿ, ಔರಾದ್‌ಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅವರ ವಿಷಯದ ಎರಡು ಮುಖಗಳೂ, ಅಂದರೆ ನೀರಿನಿಂದ ಕಲ್ಮಶವನ್ನು ಹಿಡಿಯುವುದು ಮತ್ತು ಸಾರಜನಕವನ್ನು ಹೊಲಕ್ಕೆ ಮರಳಿಸುವುದು, ಇಂದು ಕರ್ನಾಟಕದ ಉತ್ತರ ತುದಿಯಲ್ಲಿರುವ ಈ ಸೀಮೆಯ ಉದಾಹರಣೆಗಳಿಂದ ಚೆನ್ನಾಗಿ ಮನದಟ್ಟಾಗುತ್ತವೆ.

ಬೀದರ್ ನಗರವು ಕಬ್ಬಿಣಾಂಶ ತುಂಬಿದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಈ ಕಲ್ಲು ರಂಧ್ರಮಯ. ಬಹಮನಿ ಕಾಲದ ಸುರಂಗ ಕಾಲುವೆಗಳಿಗೆ, ಅಂದರೆ ಕಾರೇಜ್‌ಗಳಿಗೆ, ನೀರು ದೊರೆಯುವುದು ಇದರ ಒಡಲಿನಿಂದ. ನೀರನ್ನು ಬೇಗ ಹೀರಿಕೊಳ್ಳುವ ಇಂಥ ನೆಲದ ಮೇಲೆ ಕೊಳಚೆ ನಿಂತರೆ ಅದೂ ಕೆಳಗಿಳಿಯಬಹುದು. ಆದುದರಿಂದ ಸಂಸ್ಕರಣೆಯ ಪ್ರಶ್ನೆ ಇಲ್ಲಿ ಹೊಳೆಯದಷ್ಟೇ ಅಲ್ಲ, ಬಾವಿಯದೂ ಹೌದು.

ನಗರದ ಹೆಸರಾಂತ ಬಿದರಿ ಕಲೆಯಲ್ಲಿ ಸತು ಪ್ರಧಾನವಾದ, ಅಲ್ಪ ತಾಮ್ರ ಬೆರೆತ ಮಿಶ್ರಲೋಹವನ್ನು ಬಳಸುತ್ತಾರೆ. ಕೆತ್ತನೆಗೆ ಮುನ್ನ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಲು ಮೈಲುತುತ್ತದ ದ್ರಾವಣವನ್ನು ಸವರುತ್ತಾರೆ. ತಾಮ್ರವಾಗಲಿ ಸತುವಾಗಲಿ ಕರಗಿದ ರೂಪದಲ್ಲಿ ನೀರಿಗೆ ಸೇರಿದರೆ ಬ್ಯಾಕ್ಟೀರಿಯಾಗಳ ಅಂಟು ಅದನ್ನು ಹಿಡಿಯಬಲ್ಲದು. ಪ್ರಮಾಣ ಮೀರಿದರೆ ಅದೇ ತಾಮ್ರ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಲೋಹ ತುಂಬಿದ ಕೆಸರನ್ನು ಹೊಲಕ್ಕೆ ಹಾಕುವುದೂ ತರವಲ್ಲ. ಫೌಲರ್ ಅವರ ಗೊಬ್ಬರದ ಕನಸಿಗೆ ಇರುವ ಮುಖ್ಯ ಮಿತಿ ಇದೇ: ಮನೆಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಒಂದೇ ಕೊಳವೆಯಲ್ಲಿ ಬೆರೆಯದಿದ್ದರೆ ಮಾತ್ರ ಕೆಸರು ಹೊಲಕ್ಕೆ ಯೋಗ್ಯ.

ಭಾಲ್ಕಿ ಸೀಮೆಯ ಕಬ್ಬು ಇನ್ನೊಂದು ಉದಾಹರಣೆಯನ್ನು ಒದಗಿಸುತ್ತದೆ. ಸಕ್ಕರೆ ಕಾರ್ಖಾನೆಯ ತ್ಯಾಜ್ಯ ನೀರಿನಲ್ಲಿ ಸಕ್ಕರೆಯ ಅಂಶ ಹೆಚ್ಚು, ಸಾರಜನಕ ಕಡಿಮೆ. ಕ್ರಿಯಾಶೀಲ ಕೆಸರು ಆರೋಗ್ಯವಾಗಿರಲು ಆಮ್ಲಜನಕ ಬೇಡಿಕೆಯ 100 ಭಾಗಕ್ಕೆ 5 ಭಾಗ ಸಾರಜನಕ, 1 ಭಾಗ ರಂಜಕ ಬೇಕೆಂಬುದು ಸಾಮಾನ್ಯ ಲೆಕ್ಕ. ಸಾರಜನಕ ಸಾಲದಾದಾಗ ಬ್ಯಾಕ್ಟೀರಿಯಾಗಳು ಹೆಚ್ಚುವರಿ ಸಕ್ಕರೆಯನ್ನೆಲ್ಲ ಅಂಟಾಗಿ ಮಾರ್ಪಡಿಸುತ್ತವೆ. ಕೆಸರು ಉಬ್ಬಿ, ತಳಕ್ಕೆ ಕೂರದೆ, ತಿಳಿ ನೀರಿನೊಡನೆ ಹೊರಗೆ ಹರಿದುಹೋಗುತ್ತದೆ. ಶುದ್ಧಗೊಳಿಸುವ ಪಾಲಿಮರೇ ಅತಿಯಾದಾಗ ತೊಡಕಾಗುತ್ತದೆ. ಇಂಥ ಸ್ಥಾವರಗಳಿಗೆ ಯೂರಿಯಾ ಸೇರಿಸುವುದುಂಟು. ಸಾರಜನಕ ತುಂಬಿದ ಮನೆಗಳ ಕೊಳಚೆ ಪಕ್ಕದಲ್ಲಿಯೇ ಹರಿದುಹೋಗುತ್ತಿರುವಾಗ ಯೂರಿಯಾವನ್ನು ಕೊಂಡುತರುವುದು ಫೌಲರ್ ಅವರ ಲೆಕ್ಕಾಚಾರಕ್ಕೆ ವಿಪರೀತವಾಗಿ ತೋರುತ್ತಿತ್ತೇನೋ.

ಔರಾದ್ ಕಡೆಯ ಮಳೆಯಾಶ್ರಿತ ಎರೆಹೊಲಗಳಲ್ಲಿ ಸಾರಜನಕದ ಆಯವ್ಯಯ ಇನ್ನೂ ನೇರವಾಗಿದೆ. ತೊಗರಿ, ಉದ್ದು, ಹೆಸರು ತಮ್ಮ ಬೇರುಗಂಟುಗಳ ಬ್ಯಾಕ್ಟೀರಿಯಾಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತವೆ. ಅದರ ಬಹುಪಾಲು ಕಾಳಿನ ರೂಪದಲ್ಲಿ ಮಾರುಕಟ್ಟೆಗೆ, ಅಲ್ಲಿಂದ ದೂರದ ಪಟ್ಟಣಗಳ ಅಡುಗೆಮನೆಗೆ ಹೋಗುತ್ತದೆ. ಆ ಪಟ್ಟಣಗಳ ಚರಂಡಿ ನೀರಿನಲ್ಲಿರುವ ಅಮೋನಿಯಾದ ಒಂದಂಶ ಹೀಗೆ ಬೇಳೆಯಾಗಿ ಹೊರಟದ್ದೇ.